ಮಾಗಡಿಯ ಹುಳು, ಸ್ವೀಡನ್ನಿನ ಬಸವನಹುಳು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಎರಡು ಬಗೆಯ ಗೂಡುಗಳು ಕಾಣುತ್ತವೆ. ಅಚ್ಚಬಿಳಿಯದು ದ್ವಿತಳಿ, ಹಳದಿ ಛಾಯೆಯದು ಮಿಶ್ರತಳಿ. ಕನಕಪುರ, ಚನ್ನಪಟ್ಟಣಗಳ ರೈತರು ಬಹುಕಾಲದಿಂದ ನೆಚ್ಚಿಕೊಂಡು ಬಂದಿರುವುದು ಈ ಹಳದಿ ಗೂಡನ್ನು. ಅದರ ತಂದೆ ಬಿಳಿ ಗೂಡಿನ ದ್ವಿತಳಿ, ತಾಯಿ ನಮ್ಮದೇ ಮೈಸೂರು ತಳಿ. ಆ ತಾಯಿಯ ತವರು ಮಾಗಡಿ–ಕುಣಿಗಲ್ ಸೀಮೆ.

ಈ ತವರನ್ನು ಕಾಯಬೇಕಾದುದೇಕೆ? ಉತ್ತರಕ್ಕಾಗಿ ಒಮ್ಮೆ ದೂರದ ಕಡಲ ದಡಕ್ಕೆ ಹೋಗಿ ಬರೋಣ.

ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ ಒಂದೇ ಜಾತಿಯ ಬಸವನಹುಳು ಎರಡು ರೂಪಗಳಲ್ಲಿದೆ. ಏಡಿಗಳಿರುವ ಕಡೆ ಅದು ದೊಡ್ಡದು, ದಪ್ಪ ಚಿಪ್ಪಿನದು. ಅಲೆ ಅಪ್ಪಳಿಸುವ ಬಂಡೆಯ ಮೇಲೆ ಚಿಕ್ಕದು, ತೆಳು ಚಿಪ್ಪಿನದು. ಏಡಿಯ ಕೊಂಡಿಗೂ ಅಲೆಯ ಹೊಡೆತಕ್ಕೂ ತಾಳದವು ಸತ್ತು, ತಾಳಿದವು ಮರಿ ಮಾಡಿದವು. ಇದೇ ನೈಸರ್ಗಿಕ ಆಯ್ಕೆ. ಎರಡು ರೂಪಗಳೂ ಕೂಡುವ ಅಂಚಿನಲ್ಲಿ ವಂಶವಾಹಿಗಳು ಅತ್ತಿತ್ತ ಹರಿಯುತ್ತವೆ. ಹರಿವು ಬೆರೆಸುತ್ತದೆ, ಆಯ್ಕೆ ಬೇರ್ಪಡಿಸುತ್ತದೆ.

1988ರಲ್ಲಿ ವಿಷಪಾಚಿಯ ಹಾವಳಿಯಿಂದ ಅಲ್ಲಿನ ಕೆಲವು ಪುಟ್ಟ ಬಂಡೆಗಳಲ್ಲಿ ಬಸವನಹುಳುಗಳೇ ಉಳಿಯಲಿಲ್ಲ. 1992ರಲ್ಲಿ ವಿಜ್ಞಾನಿ ಕೆರ್‌ಸ್ಟಿನ್ ಯೊಹಾನೆಸನ್ ಅಂಥ ಒಂದು ಬಂಡೆಯ ಮೇಲೆ ಏಡಿ ನೆಲೆಯ ಹುಳುಗಳನ್ನು ತಂದು ಬಿಟ್ಟರು. ಸುಮಾರು ಮೂವತ್ತು ವರ್ಷಗಳಲ್ಲಿ ಅವುಗಳ ಸಂತತಿ ಅಲೆಯ ಬಂಡೆಯ ಹುಳುಗಳಂತೆಯೇ ಆಗಿತ್ತು. 2024ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಆ ಬದಲಾವಣೆಗೆ ಬೇಕಾದ ಬಂಡವಾಳ ಹೆಚ್ಚಾಗಿ ಮೊದಲು ಬಿಟ್ಟ ಹುಳುಗಳಲ್ಲೇ ಅಡಗಿತ್ತು. ನೆರೆಯ ಬಂಡೆಗಳಿಂದಲೂ ಸ್ವಲ್ಪ ಹರಿದು ಬಂದಿತ್ತು.

ಈಗ ಮಾಗಡಿಗೆ ಮರಳೋಣ. ರೇಷ್ಮೆ ಪತಂಗಕ್ಕೆ ರೆಕ್ಕೆಯಿದೆ, ಹಾರುವ ಶಕ್ತಿಯಿಲ್ಲ. ಸಾವಿರಾರು ವರ್ಷ ಮನುಷ್ಯ ಸಾಕಿದ್ದರ ಫಲವಿದು. ಹೀಗಾಗಿ ಇದರ ವಂಶವಾಹಿ ಹರಿಯುವುದು ಮನುಷ್ಯನ ಕೈಯಿಂದ ಮಾತ್ರ: ಮೊಟ್ಟೆಯ ಹಾಳೆಯಲ್ಲಿ, ಗೂಡಿನ ಬುಟ್ಟಿಯಲ್ಲಿ. ಆಯ್ಕೆಯೋ ನಮ್ಮ ಹಳ್ಳಿಯ ಮನೆಗಳಲ್ಲೇ ನಡೆಯಿತು. ಬೇಸಿಗೆಯ ಸೆಕೆ, ರೋಗ, ಮಳೆ ಕೈಕೊಟ್ಟ ವರ್ಷದ ಬಡಕಲು ಸೊಪ್ಪು, ಇವನ್ನೆಲ್ಲ ತಾಳಿದ ಹುಳುವೇ ಮೈಸೂರು ತಳಿ. ಕಸುವಿದೆ, ನೂಲು ಮಾತ್ರ ಕಡಿಮೆ. ಒಂದು ಗೂಡಿನ ಎಳೆ ಸುಮಾರು 400 ಮೀಟರ್. ಒಳ್ಳೆಯ ದ್ವಿತಳಿಯದು ಸಾವಿರ ಮೀಟರಿನಷ್ಟು.

ಎರಡನ್ನೂ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ತಾಯಿಯ ಗಟ್ಟಿತನವೂ ತಂದೆಯ ನೂಲೂ ಸೇರುತ್ತವೆ. ಇಂಥ ಮಿಶ್ರತಳಿಯ ಲಾಭವನ್ನು 1906ರಲ್ಲೇ ಎತ್ತಿ ಹೇಳಿದವರು ಜಪಾನಿನ ತೊಯಾಮಾ. ಇಂದು ನಮ್ಮಲ್ಲಿ ಹೆಚ್ಚಾಗಿ ತಂದೆಯ ಸ್ಥಾನದಲ್ಲಿರುವುದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ಸಿಎಸ್‌ಆರ್-2. ಆದರೆ ಮಿಶ್ರತಳಿಯ ಗೂಡನ್ನೇ ಬಿತ್ತನೆಗೆ ಇಟ್ಟರೆ ಮರುಪೀಳಿಗೆಯಲ್ಲಿ ಗುಣಗಳು ಚೆದುರಿ ಹೋಗುತ್ತವೆ. ಒಂದು ಹುಳುವಿನಂತೆ ಇನ್ನೊಂದಿರುವುದಿಲ್ಲ. ಆದ್ದರಿಂದ ಪ್ರತಿ ಬೆಳೆಗೂ ಶುದ್ಧ ತಾಯಿ ಬೇಕು.

ಮಾಗಡಿ ಸೀಮೆಯನ್ನು ಮೈಸೂರು ತಳಿಯ ಬಿತ್ತನೆ ಪ್ರದೇಶವೆಂದು ಬೇರೆಯಾಗಿ ಇಟ್ಟಿರುವುದು ಇದಕ್ಕೇ. ಬಿತ್ತನೆ, ಗೂಡುಗಳ ಉತ್ಪಾದನೆ ಮತ್ತು ಮಾರಾಟವನ್ನು 1959ರ ಕಾಯ್ದೆ ನಿಯಂತ್ರಿಸುತ್ತದೆ. ಹಾರಲಾರದ ಹುಳುವಿಗೆ ಕಾನೂನು ಬೇಲಿ ಹಾಕಿದೆ. ಆದರೆ ಬೇಲಿ ಇರುವುದು ನಿಜವಾಗಿ ಮನುಷ್ಯನಿಗೆ.

ಈ ಬೇಲಿಯ ಹೊರೆ ಬೀಳುವುದು ಬಿತ್ತನೆ ಗೂಡು ಬೆಳೆಯುವ ರೈತನ ಮೇಲೆ. ಅವನ ಗೂಡು ಹಗುರ, ನೂಲು ಅಲ್ಪ. ಬಿತ್ತನೆಯ ಬೆಲೆಯೊಂದೇ ಆಧಾರ. ಆ ಬೆಲೆ ಕುಸಿದರೆ ಅವನು ಪಕ್ಕದ ಊರಿನ ಬಿಳಿ ಗೂಡಿನತ್ತ ನೋಡಿದ್ದನ್ನು ತಪ್ಪೆನ್ನಲಾಗದು. ತಳಿಯನ್ನು ಪ್ರಯೋಗಾಲಯದಲ್ಲಿ ಉಳಿಸಿಕೊಳ್ಳಬಹುದು, ನಿಜ. ಆದರೆ ಹದವಾದ ಗಾಳಿ, ಒಳ್ಳೆಯ ಸೊಪ್ಪಿನ ನಡುವೆ ಬೆಳೆದ ಹುಳುವಿಗೆ ಸೆಕೆಯ ಪರೀಕ್ಷೆಯಿಲ್ಲ. ಏಡಿಯಿಲ್ಲದ ಬಂಡೆಯಲ್ಲಿ ಬಸವನಹುಳುವಿನ ದಪ್ಪ ಚಿಪ್ಪು ಮೂವತ್ತು ವರ್ಷಗಳಲ್ಲೇ ಕರಗಿತು. ಮಾಗಡಿಯ ಮನೆಗಳು ಕೈಬಿಟ್ಟರೆ ಮೈಸೂರು ತಳಿಯ ಗಟ್ಟಿತನ ಎಷ್ಟು ಕಾಲ ಉಳಿದೀತು?