ಉಳಿದದ್ದು ಎರಡೂವರೆ ನಿಮಿಷ!

ಈಜು, ಸೈಕಲ್, ಓಟ ಮೂರನ್ನೂ ಒಂದೇ ಉಸಿರಿಗೆ ಮುಗಿಸಬೇಕಾದ ಟ್ರಯಥ್ಲಾನ್‌ನಲ್ಲಿ ಹವ್ಯಾಸಿಗಳನ್ನು ನಿಜಕ್ಕೂ ಹೆದರಿಸುವುದು ಗಡಿಯಾರ. 2024ರ ಅಕ್ಟೋಬರ್ 27ರಂದು ಗೋವಾದ ಐರನ್‌ಮನ್ 70.3 ಸ್ಪರ್ಧೆಯಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗುರಿ ಮುಟ್ಟಿದ ಸಮಯ ನೋಡಿದರೆ ಸಾಕು. ಕಡಲಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ ಬಿಸಿಲಲ್ಲಿ 21.1 ಕಿ.ಮೀ. ಓಟ, ಒಟ್ಟು 113 ಕಿ.ಮೀ. ಗಡುವು ಎಂಟೂವರೆ ಗಂಟೆ. ಅವರು ತೆಗೆದುಕೊಂಡದ್ದು 8 ಗಂಟೆ 27 ನಿಮಿಷ 32 ಸೆಕೆಂಡು. ದಾರಿಯಲ್ಲಿ ಒಂದು ಟೈರ್ ಪಂಕ್ಚರ್ ಆಗಿದ್ದರೆ ನಾಲ್ಕು ತಿಂಗಳ ತಾಲೀಮು ನೀರುಪಾಲಾಗುತ್ತಿತ್ತು. ರಾಜಕೀಯ ಏನೇ ಇರಲಿ, ಸೈಕಲ್ ತುಳಿಯುವಾಗ ಸಂಸದರಿಗೂ ರಿಯಾಯಿತಿ ಇಲ್ಲ!

2022ರಲ್ಲಿ ಅವರು ಇದೇ ಸ್ಪರ್ಧೆಯ ರಿಲೇ ವಿಭಾಗದಲ್ಲಿದ್ದರು. 2025ರ ನವೆಂಬರ್‌ನಲ್ಲಿ ಮತ್ತೆ ಗೋವಾಕ್ಕೆ ಹೋಗಿ ಪೂರೈಸಿದರು. ಹಿಂದೆ ಕರ್ನಾಟಕದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಅಣ್ಣಾಮಲೈ ಕೂಡ ಆ ಬಾರಿ ಗುರಿ ಮುಟ್ಟಿದರು.

ಹೈದರಾಬಾದಿನ ನಮ್ಮ ಹುಡುಗರಿಗೂ ಇದು ದೂರದ ಮಾತಲ್ಲ. ಹೊರವರ್ತುಲ ರಸ್ತೆಯ ಪಕ್ಕದಲ್ಲಿ 2023ರಲ್ಲಿ ತೆರೆದ, ಸೌರಫಲಕಗಳ ಚಾವಣಿಯ ಸೈಕಲ್ ಪಥ 23 ಕಿ.ಮೀ. ಇದೆ, ಎರಡು ಸಲ ಪೂರ್ತಿ ಹೋಗಿ ಬಂದರೆ 92 ಕಿ.ಮೀ. ಆಯಿತು. ಓಟಕ್ಕೆ ನೆಕ್ಲೆಸ್ ರಸ್ತೆ ಇದೆ. ತೊಡಕು ಈಜಿನದು. ಹುಸೇನ್ ಸಾಗರದ ನೀರು ಈಜಲು ಯೋಗ್ಯವಲ್ಲ. ಗಚ್ಚಿಬೌಲಿಯ 50 ಮೀಟರ್ ಕೊಳದಲ್ಲಿ 38 ಉದ್ದ ಈಜಿದರೆ ದೂರವೇನೋ ಸರಿಹೋಗುತ್ತದೆ. ಆದರೆ ಅಲ್ಲಿ ಪ್ರತಿ ಉದ್ದಕ್ಕೂ ಕೈಗೆ ಗೋಡೆ ಸಿಗುತ್ತದೆ, ಮೀರಾಮಾರ್ ಕಡಲಲ್ಲಿ ಸಿಗುವುದು ಅಲೆ. ಹೆಸರು ನೋಂದಾಯಿಸುವ ಮುನ್ನ ಒಂದೆರಡು ಸಲವಾದರೂ, ಬಲ್ಲವರ ಜೊತೆ, ಸಮುದ್ರಕ್ಕೆ ಇಳಿದಿರಬೇಕು.