ಅಜ್ಜನ ಟ್ರಂಕಿಗೆ ಬೇಸ್ ಪ್ರೈಸ್ ಎಷ್ಟು?

ದಸರಾ ರಜೆಯಲ್ಲಿ ಲಕ್ಷ್ಮೇಶ್ವರದ ಮನೆಗೆ ಹೋಗಿದ್ದೆ. ಅಟ್ಟ ಸ್ವಚ್ಛ ಮಾಡುವಾಗ ಅಜ್ಜನ ಕಬ್ಬಿಣದ ಟ್ರಂಕು ಕೆಳಗೆ ಬಂತು. ಒಳಗೆ ಮೂರು ಥರದ ವಸ್ತು ಇದ್ದವು. ಗದಗಿನ ಪಿ.ಸಿ. ಶಾಬಾದಿಮಠ ಬುಕ್ ಡಿಪೋದ ಹಳೆ ನಾಟಕ, ಪುರಾಣದ ಪುಸ್ತಕಗಳು. ಬಟ್ಟೆಗೆ ಅಂಟಿಸಿದ, ಮಡಚಿಟ್ಟ ಒಂದು ನಕಾಶೆ. ಆಮೇಲೆ ಎರಡು ಕಟ್ಟಿಗೆ ಪಟ್ಟಿಗಳ ನಡುವೆ ದಾರ ಹಾಕಿ ಕಟ್ಟಿದ್ದ ಒಂದು ತಾಳೆಗರಿ ಕಟ್ಟು.

ಕಾಕಾ ಅಂದ್ರು, "ರದ್ದಿಗೆ ಹಾಕಿದ್ರ ಕೆಜಿಗೆ ಹದಿನೈದು ರೂಪಾಯಿ. ಆನ್‌ಲೈನ್ ಹರಾಜಿಗೆ ಹಾಕಿದ್ರ ಲಕ್ಷಗಟ್ಟಲೆ ಬರ್ತದಂತ. ನೀ ಎಂಜಿನಿಯರಿಂಗ್ ಓದಾಕತ್ತೀಯಲ್ಲ, ಸ್ವಲ್ಪ ನೋಡು."

ಎಂಜಿನಿಯರಿಂಗಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಲಿಲ್ಲ. ನೋಡಿದೆ. ನೋಡ್ತಾ ಹೋದಂಗೆ ಕಾಕಾನ ಪ್ರಶ್ನೆಯೇ ಬದಲಾಯ್ತು. ನಿಮ್ಮ ಊರ ಮನೆಯಲ್ಲೂ ಇಂಥ ಟ್ರಂಕು ಇರಬಹುದು, ಅದಕ್ಕೇ ಬರೀತಿದ್ದೀನಿ.

ಹರಾಜು ನಮಗೆ ಹೊಸದಲ್ಲ

ನಮ್ಮ ಕಡೆ ಜಾತ್ರೆಯಲ್ಲಿ ದೇವರ ತೆಂಗಿನಕಾಯಿ ಸವಾಲು ಹಾಕ್ತಾರೆ. ಒಬ್ಬರು ಐನೂರು ಅಂದ್ರೆ ಇನ್ನೊಬ್ಬರು ಆರನೂರು ಅಂತಾರೆ, ಮೂರು ಸಲ ಕೂಗಿ ಬಿಡ್ತಾರೆ. ಎಪಿಎಂಸಿಯಲ್ಲಿ ಬೇರೆ ರೀತಿ. ಪ್ರತಿ ರಾಶಿಗೆ ಒಂದು ಲಾಟ್ ನಂಬರ್ ಇರುತ್ತೆ, ವ್ಯಾಪಾರಿಗಳು ಮಾಲು ಮುಟ್ಟಿ ನೋಡಿ ತಮ್ಮ ರೇಟು ಗುಟ್ಟಾಗಿ ಹಾಕ್ತಾರೆ, ಹೆಚ್ಚು ಹಾಕಿದವರಿಗೆ ಮಾಲು. ಹಳೆ ಪುಸ್ತಕ, ನಕಾಶೆ, ಹಸ್ತಪ್ರತಿಗಳ ಹರಾಜಿನಲ್ಲಿ ಎರಡೂ ಸೇರಿವೆ. ಎಪಿಎಂಸಿ ಥರ ಲಾಟ್ ನಂಬರ್ ಇರುತ್ತೆ, ಮೊದಲೇ ಬಂದು ನೋಡಬಹುದು. ಕೂಗೋದು ಮಾತ್ರ ಜಾತ್ರೆ ಥರ, ಬಹಿರಂಗವಾಗಿ.

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ನಮ್ಮ ನಕಾಶೆಗೆ ಒಬ್ಬರು 50,000 ರೂಪಾಯಿವರೆಗೆ ಕೊಡಲು ತಯಾರಿದ್ದಾರೆ, ಇನ್ನೊಬ್ಬರು 9,000ದವರೆಗೆ ಅಂತಿಟ್ಟುಕೊಳ್ಳಿ. ಎರಡನೆಯವರು 9,000ಕ್ಕೆ ಕೈ ಬಿಟ್ಟ ಕೂಡಲೇ ಹರಾಜು ಮುಗೀತು. ಮೊದಲನೆಯವರಿಗೆ ನಕಾಶೆ 9,500ಕ್ಕೆ ಸಿಗುತ್ತೆ, ಅವರ ಮನಸ್ಸಿನಲ್ಲಿದ್ದ 50,000 ಯಾರಿಗೂ ಗೊತ್ತಾಗಲ್ಲ. ಅಂದ್ರೆ ಹರಾಜಿನ ಬೆಲೆ ತೋರಿಸೋದು ಆ ವಸ್ತುವಿನ ಯೋಗ್ಯತೆಯನ್ನಲ್ಲ, ಎರಡನೇ ಗಿರಾಕಿಯ ಆಸೆಯನ್ನು. ಎರಡನೇ ಗಿರಾಕಿ ಬರಲೇ ಇಲ್ಲ ಅಂದ್ರೆ ಬೇಸ್ ಪ್ರೈಸಿಗೇ ಹೋಗುತ್ತೆ, ಇಲ್ಲಾ ಮಾರಾಟವೇ ಆಗಲ್ಲ.

ಉಲ್ಟಾ ಕೂಡ ಆಗುತ್ತೆ. 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಒಂದು ಹರಾಜು ಸಂಸ್ಥೆಯ ಅಂಚೆಪೆಟ್ಟಿಗೆಯಲ್ಲಿ ಯಾರೋ ಒಂದು ಲಕೋಟೆ ಹಾಕಿ ಹೋಗಿದ್ದರು. ಒಳಗೆ ಗಾಂಧೀಜಿಯ ಕನ್ನಡಕ. 10,000ದಿಂದ 15,000 ಪೌಂಡ್ ಬರಬಹುದು ಅಂತ ಅಂದಾಜಿತ್ತು. ಹೋಗಿದ್ದು 2,60,000 ಪೌಂಡಿಗೆ! ಕನ್ನಡಕ ಅದೇ, ಬೇಕು ಅಂದವರು ಹೆಚ್ಚಾದರು ಅಷ್ಟೇ. 1994ರಲ್ಲಿ ಬಿಲ್ ಗೇಟ್ಸ್ ಲಿಯೊನಾರ್ಡೊ ಡಾ ವಿಂಚಿಯ ಕೈಬರಹದ ಕೋಡೆಕ್ಸ್ ಲೆಸ್ಟರ್ ಅನ್ನು ಸುಮಾರು 3.08 ಕೋಟಿ ಡಾಲರಿಗೆ ಕೊಂಡರು. ಪೇಪರಿನಲ್ಲಿ ಬರೋದು ಇಂಥ ಸುದ್ದಿ ಮಾತ್ರ. ಅದಕ್ಕೇ ಕಾಕಾಗೆ "ಲಕ್ಷಗಟ್ಟಲೆ" ಅನ್ನಿಸಿದ್ದು.

ಇನ್ನೊಂದು ವಿಷಯ. ಸುತ್ತಿಗೆ ಬಿದ್ದ ಬೆಲೆ ಪೂರ್ತಿ ಮಾರಿದವರ ಕೈಗೆ ಬರಲ್ಲ. 10,000ಕ್ಕೆ ಹೋಯ್ತು ಅಂತಿಟ್ಟುಕೊಳ್ಳಿ. ಕೊಂಡವರು ಅದರ ಮೇಲೆ 20 ಪ್ರತಿಶತ ಪ್ರೀಮಿಯಂ ಕೊಟ್ಟರೆ 12,000 ಆಯ್ತು, ತೆರಿಗೆ ಬೇರೆ. ಮಾರಿದವರಿಂದ 10 ಪ್ರತಿಶತ ಕಮಿಷನ್ ಹಿಡಿದರೆ ಅವರಿಗೆ ಸಿಗೋದು 9,000. ನಡುವಿನ 3,000 ಹರಾಜು ಮಾಡಿದವರಿಗೆ.

ಆ 3,000ಕ್ಕೆ ಅವರು ಮಾಡೋ ಕೆಲಸ ಏನು?

ಕೂಗೋದು ಕೊನೆಯ ಒಂದು ನಿಮಿಷದ ಕೆಲಸ. ನಿಜವಾದ ಕೆಲಸ ಕ್ಯಾಟಲಾಗ್ ಬರೆಯೋದು. ಪ್ರತಿ ಲಾಟಿಗೂ ಒಂದು ವಿವರಣೆ ಇರುತ್ತೆ. ಅದರಲ್ಲಿ ಐದು ಪ್ರಶ್ನೆಗೆ ಉತ್ತರ ಇರಲೇಬೇಕು. ಇದು ಯಾವ ಕೃತಿ? ಯಾವಾಗ, ಎಲ್ಲಿ ಆಗಿದ್ದು? ಎಲ್ಲಾ ಪುಟ ಇವೆಯಾ? ಸ್ಥಿತಿ ಹೇಗಿದೆ? ಯಾರ ಕೈಯಿಂದ ಯಾರ ಕೈಗೆ ಬಂತು?

ನಮ್ಮ ಟ್ರಂಕಿಗೆ ಇದನ್ನು ಹಚ್ಚಿ ನೋಡಿದೆ. ಶಾಬಾದಿಮಠದ ಪುಸ್ತಕಗಳು ಜನ ಓದಲಿ ಅಂತ ಕಡಿಮೆ ಬೆಲೆಗೆ ಮಾಡಿದವು. ಓದಿ ಓದಿ ಹರಿದಿವೆ, ರಟ್ಟಿಲ್ಲ, ಕೆಲವಕ್ಕೆ ಮೊದಲ ಪುಟವೇ ಇಲ್ಲ. ಹರಾಜಿನಲ್ಲಿ ಇವಕ್ಕೆ ಬೆಲೆ ಬರೋದು ಕಷ್ಟ. ಆದರೆ ಒಂದು ನಾಟಕದ ಪುಸ್ತಕದ ಅಂಚಿನಲ್ಲಿ ಯಾವ ಪಾತ್ರ ಯಾರು ಮಾಡಬೇಕು ಅಂತ ಪೆನ್ಸಿಲ್‌ನಲ್ಲಿ ಬರೆದಿದೆ. ನಮ್ಮ ಓಣಿಯ ಹೆಸರುಗಳು! ಅದು ಬೇರೆ ಯಾವ ಪ್ರತಿಯಲ್ಲೂ ಸಿಗಲ್ಲ.

ನಕಾಶೆ ಇನ್ನೂ ಮಜಾ ಇದೆ. ಅದರಲ್ಲಿ ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯೊಳಗೆ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿಯಲ್ಲಿ ಮೂರು ಸರಕಾರ. 1997ರಲ್ಲಿ ಆದ ಗದಗ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಮಗೆ ಇದು ಗೊತ್ತೇ ಇರಲಿಲ್ಲ. ಬೇರೆ ಊರಿನ ಗಿರಾಕಿಗೆ ಇದೊಂದು ಹಳೆ ಕಾಗದ. ನಮಗೆ, "ನಮ್ಮ ಹೊಲದ ಹಳೆ ಕಾಗದಪತ್ರ ಗದಗಿನ ಬೇರೆಯವರ ಥರ ಯಾಕಿಲ್ಲ?" ಅನ್ನೋ ಪ್ರಶ್ನೆಗೆ ಉತ್ತರ.

ಮಾಡ್ 60

ಇನ್ನು ತಾಳೆಗರಿ. ಅದನ್ನು ನನಗೆ ಓದಕ್ಕೆ ಬರಲ್ಲ. ಕಂಠ ಅನ್ನೋ ಚೂಪಾದ ಕಡ್ಡಿಯಿಂದ ಎಲೆ ಮೇಲೆ ಅಕ್ಷರ ಕೊರೆದು, ಆಮೇಲೆ ಮಸಿ ಹಚ್ಚಿ ಒರೆಸುತ್ತಿದ್ದರು, ಮಸಿ ಗೀರಿನಲ್ಲಿ ಉಳಿಯುತ್ತಿತ್ತು. ನಮ್ಮ ಕಟ್ಟಿನಲ್ಲಿ ಮಸಿ ಮಾಸಿದೆ. ಫೋಟೋ ತೆಗೆದು ಊರಿನ ನಿವೃತ್ತ ಕನ್ನಡ ಮಾಸ್ತರರೊಬ್ಬರಿಗೆ ತೋರಿಸಿದೆ. ಅವರು ಝೂಮ್ ಮಾಡಿ ಮಾಡಿ ಓದಿ ಹೇಳಿದರು, "ಭೀಮಕವಿಯ ಬಸವಪುರಾಣ. ಪೂರ್ತಿ ಇಲ್ಲ, ಕಡೀ ಭಾಗ ಅದ."

ಆ ಕೃತಿ ಮುಗಿದದ್ದು 1369ರಲ್ಲಿ. ಆದರೆ ಈ ಪ್ರತಿ ಯಾವಾಗಿನದು? ಪ್ರತಿ ಮಾಡಿದವರು ಸಾಮಾನ್ಯವಾಗಿ ಕೊನೆ ಗರಿಯಲ್ಲಿ ಬರೆದಿರ್ತಾರೆ. ನಮ್ಮದರಲ್ಲಿ ಇದ್ದದ್ದು ವಿಕಾರಿ ಸಂವತ್ಸರ ಅಂತ ಮಾತ್ರ. ಶಕ ವರ್ಷ ಇದ್ದಿದ್ದರೆ 78 ಕೂಡಿಸಿದರೆ ಆಗ್ತಿತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ, ನಮ್ಮ ಭಾಷೆಯಲ್ಲಿ ಮಾಡ್ 60. 2019ರ ಯುಗಾದಿಗೆ ವಿಕಾರಿ ಶುರುವಾಗಿತ್ತು. ಹಿಂದೆ ಹೋದರೆ 1959, 1899, 1839, 1779. ಶೇಷ ಗೊತ್ತಿದೆ, ಭಾಗಲಬ್ಧ ಗೊತ್ತಿಲ್ಲ.

ಉತ್ತರ ಕೊಟ್ಟಿದ್ದು ನಮ್ಮ ಆಯಿ. ಕಟ್ಟು ನೋಡಿದ ಕೂಡಲೇ ಅಂದಳು, "ನಾ ಈ ಮನಿಗೆ ಸೊಸಿಯಾಗಿ ಬಂದಾಗನ ಇದು ಜಗಲಿ ಮ್ಯಾಲಿತ್ತು. ಶ್ರಾವಣದಾಗ ನಮ್ಮ ಮಾವನೋರು ಓದ್ತಿದ್ರು, ಮಂದಿ ಕುಂತು ಕೇಳ್ತಿದ್ರು." ಆಯಿಯ ಲಗ್ನ ಆಗಿದ್ದು 1957ರಲ್ಲಿ. ಹಂಗಾದ್ರೆ 1959 ಹೋಯ್ತು. ಕಟ್ಟು 1899ರದ್ದು, ಇಲ್ಲಾ ಅದಕ್ಕೂ ಹಳೇದು.

ಐದನೇ ಪ್ರಶ್ನೆ, ಯಾರ ಕೈಯಿಂದ ಬಂತು ಅನ್ನೋದು, ಯಾಕೆ ಮುಖ್ಯ ಅಂತ ಆವತ್ತು ತಿಳೀತು. ಗರಿಯಲ್ಲಿ ಇಲ್ಲದ ಮಾಹಿತಿ ಆಯಿಯ ಹತ್ತಿರ ಇತ್ತು. ಟ್ರಂಕು ನಿನ್ನೆಯೇ ರದ್ದಿಗೆ ಹೋಗಿದ್ದರೆ ಯಾರೂ ಆಯಿಯನ್ನು ಕೇಳುತ್ತಿರಲಿಲ್ಲ. ಆಯಿಗೆ ಈಗ 84.

ಕಾನೂನು ಏನು ಹೇಳುತ್ತೆ

ಈ 60ರ ಲೆಕ್ಕ ಬರೀ ಕುತೂಹಲಕ್ಕಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಪ್ರಕಾರ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿ, ದಾಖಲೆಗೆ 75 ವರ್ಷ ಆಗಿದ್ದರೆ ಅದು ಪ್ರಾಚ್ಯವಸ್ತು. ಶಿಲ್ಪ, ಚಿತ್ರ ಮುಂತಾದ ವಸ್ತುಗಳಿಗೆ 100 ವರ್ಷ. 1959ರ ಕಟ್ಟಾಗಿದ್ದರೆ ಗೆರೆಯ ಈಚೆ. 1899ರದ್ದು ಗೆರೆಯ ಆಚೆ.

ಪ್ರಾಚ್ಯವಸ್ತು ಅಂದ್ರೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತಲ್ಲ. ಆದರೆ ಅದನ್ನು ಮಾರೋದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಲೈಸನ್ಸ್ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು, ಜೊತೆಗೆ ದಂಡ. ಅದಕ್ಕೇ ಭಾರತದ ಹರಾಜು ಕ್ಯಾಟಲಾಗುಗಳಲ್ಲಿ ಇಂಥ ಲಾಟಿನ ಕೆಳಗೆ "ರಫ್ತು ಮಾಡುವಂತಿಲ್ಲ" ಅಂತ ಬರೆದಿರ್ತಾರೆ. ಗಿರಾಕಿಗಳು ದೇಶದೊಳಗಿನವರು ಮಾತ್ರ, ಹಂಗಾಗಿ ಎರಡನೇ ಗಿರಾಕಿ ಸಿಗೋದು ಇನ್ನೂ ಕಷ್ಟ.

"ಹತ್ತು ಗರಿ ಸಾಕು"

ನಾನು ಇದೆಲ್ಲಾ ಓದೋದರೊಳಗೆ ಕಾಕಾ ಒಂದು ಆ್ಯಪ್‌ನಲ್ಲಿ ಕಟ್ಟಿನ ಫೋಟೋ ಹಾಕಿಬಿಟ್ಟಿದ್ದರು. ಎರಡೇ ದಿನಕ್ಕೆ ಒಬ್ಬ ಮೆಸೇಜ್ ಮಾಡಿದ. ಪೂರ್ತಿ ಕಟ್ಟು ಬೇಡ, ನೋಡಕ್ಕೆ ಚಂದ ಇರೋ ಹತ್ತು ಗರಿ ಸಾಕು, ಫ್ರೇಮ್ ಹಾಕಿಸಲು. ಗರಿಗೆ 800 ರೂಪಾಯಿ. ಒಟ್ಟು 8,000.

ಈ ದಂಧೆ ಹಳೇದು. ಅಟ್ಲಾಸ್ ಬಿಚ್ಚಿ ಒಂದೊಂದೇ ನಕಾಶೆ ಮಾರ್ತಾರೆ, ಪುಸ್ತಕ ಬಿಚ್ಚಿ ಒಂದೊಂದೇ ಚಿತ್ರ ಮಾರ್ತಾರೆ. ಬಿಡಿ ಬಿಡಿಯಾಗಿ ಹೆಚ್ಚು ದುಡ್ಡು ಬರುತ್ತೆ. ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಒಂದು ಪುಸ್ತಕ ಇದೆ. 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದ "ಆರ್ಕಿಟೆಕ್ಚರ್ ಇನ್ ಧಾರ್ವಾರ್ ಆ್ಯಂಡ್ ಮೈಸೂರ್". ಪಿಗೌ, ನೀಲ್, ಬಿಗ್ಸ್ ಅನ್ನೋ ಮೂವರು ತೆಗೆದ ಫೋಟೋಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರೆದ ವಿವರಣೆ. ಗದಗ, ಲಕ್ಕುಂಡಿ, ಮುಂಡರಗಿ ತಾಲೂಕಿನ ಡಂಬಳದ ಗುಡಿಗಳು ಅದರಲ್ಲಿವೆ. ಆಗ ಫೋಟೋಗಳನ್ನು ಪುಟಕ್ಕೆ ಕೈಯಿಂದ ಅಂಟಿಸುತ್ತಿದ್ದರು. ಅಂಥ ಪುಸ್ತಕದಿಂದ ಒಂದು ಫೋಟೋ ಕಿತ್ತು ಮಾರಿದರೆ ಗುಡಿಯ ಚಿತ್ರ ಉಳಿಯುತ್ತೆ. ಅದು ಯಾವ ಗುಡಿ, ಯಾರು ತೆಗೆದದ್ದು ಅನ್ನೋದು ಪುಸ್ತಕದಲ್ಲೇ ಉಳಿದುಬಿಡುತ್ತೆ.

ತಾಳೆಗರಿಗೆ ಇನ್ನೂ ಕೆಟ್ಟದ್ದು. ಹತ್ತು ಗರಿ ಹೋದರೆ ಪುರಾಣದಲ್ಲಿ ಹತ್ತು ತೂತು. ಒಂದೇ ಕೃತಿಯ ಬೇರೆ ಬೇರೆ ಪ್ರತಿಗಳನ್ನು ಸಾಲು ಸಾಲಾಗಿ ಹೋಲಿಸಿ, ವ್ಯತ್ಯಾಸ ಗುರುತು ಮಾಡಿಯೇ ಸಂಪಾದಕರು ಸರಿಯಾದ ಪಾಠ ನಿರ್ಧರಿಸ್ತಾರೆ. ಗಿಟ್‌ನಲ್ಲಿ ಡಿಫ್ ನೋಡ್ತೀವಲ್ಲ, ಹಂಗೆ. ಗೋಡೆ ಮೇಲಿನ ಫ್ರೇಮಿನಲ್ಲಿರೋ ಗರಿ ಈ ಲೆಕ್ಕಕ್ಕೆ ಸಿಗಲ್ಲ. ಫ.ಗು. ಹಳಕಟ್ಟಿಯವರು ಹಳೆ ಕಟ್ಟುಗಳನ್ನು ಹುಡುಕಿ ಸಂಗ್ರಹಿಸಿ 1923ರಲ್ಲಿ "ವಚನಶಾಸ್ತ್ರಸಾರ" ಹೊರತಂದರು. ಆ ಕಟ್ಟುಗಳು ಹತ್ತತ್ತು ಗರಿಯಾಗಿ ಹಂಚಿಹೋಗಿದ್ದರೆ ನಮ್ಮ ಟೆಕ್ಸ್ಟ್‌ಬುಕ್ಕಿನ ವಚನಗಳ ಗತಿ ಏನಾಗ್ತಿತ್ತು?

ಹರಾಜಿಲ್ಲದ ಕ್ಯಾಟಲಾಗ್

ಹರಾಜು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ದುಡ್ಡಿನ ಅಡಚಣೆ ಇರೋ ಮನೆಯವರಿಗೆ ರದ್ದಿಗಿಂತ ಅದು ಎಷ್ಟೋ ಮೇಲು. ಕ್ಯಾಟಲಾಗಿನಲ್ಲಿ ಬಂದ ವಸ್ತುವಿಗೆ ಕನಿಷ್ಠ ಒಂದು ದಾಖಲೆ ಆದರೂ ಉಳಿಯುತ್ತೆ. ಆದರೆ ಹರಾಜಿನ ಅತ್ಯಂತ ಉಪಯೋಗದ ಭಾಗ ಆ ಕ್ಯಾಟಲಾಗೇ. ಅದನ್ನು ಮಾರದೇ ನಾವೇ ಮಾಡಬಹುದು. ನಾನು ಮಾಡಿದ್ದು ಇಷ್ಟು:

1. ದಾರ ಕತ್ತರಿಸಲಿಲ್ಲ, ಗರಿಗಳ ಕ್ರಮ ಬದಲಿಸಲಿಲ್ಲ. ನೀರು, ಸೆಲೋಟೇಪ್, ಲ್ಯಾಮಿನೇಶನ್ ಯಾವುದೂ ಮುಟ್ಟಿಸಲಿಲ್ಲ.
2. ಗರಿಗಳನ್ನು ಎಣಿಸಿದೆ. 46 ಇವೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿ ಫೋಟೋ ತೆಗೆದೆ. ಬೆಳಕು ಓರೆಯಾಗಿ ಬಿದ್ದರೆ ಮಸಿ ಮಾಸಿದ ಅಕ್ಷರವೂ ಕಾಣುತ್ತೆ. ಮೊಬೈಲ್ ಕ್ಯಾಮೆರಾ ಸಾಕು.
3. ಆಯಿ ಹೇಳಿದ್ದನ್ನು ರೆಕಾರ್ಡ್ ಮಾಡಿ, ತಾರೀಖು ಹಾಕಿ ಬರೆದಿಟ್ಟೆ.
4. ಪುಸ್ತಕಗಳ ಪಟ್ಟಿ ಮಾಡಿದೆ. ಹೆಸರು, ಮುದ್ರಣದ ವರ್ಷ, ಎಷ್ಟು ಪುಟ ಉಳಿದಿವೆ, ಅಂಚಿನಲ್ಲಿ ಏನು ಬರೆದಿದೆ.

ಮುಂದೆ ಫೋಟೋಗಳನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠಕ್ಕೆ ತೋರಿಸಬೇಕು ಅಂತಿದ್ದೀನಿ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲೂ ಹಸ್ತಪ್ರತಿಗಳಿಗೇ ಒಂದು ವಿಭಾಗ ಇದೆ. ನಿಮ್ಮ ಟ್ರಂಕಿನಲ್ಲಿ ಕಪ್ಪು ಬಟ್ಟೆಯ, ಮಡಿಕೆ ಮಡಿಕೆಯ ಪುಸ್ತಕ ಸಿಕ್ಕರೆ ಕೊಳೆ ಅಂತ ಒರೆಸಬೇಡಿ. ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಬಳಪದಿಂದ ಬರೆದಿರ್ತಾರೆ. ಒರೆಸಿದರೆ ಎಲ್ಲಾ ಹೋಯ್ತು.

ಹಾಂ, 8,000 ಏನಾಯ್ತು? ಕಾಕಾ ಒಂದು ದಿನ ಪೂರ್ತಿ ಯೋಚನೆ ಮಾಡಿದರು. ಅಟ್ಟದ ಹಂಚು ಬದಲಿಸಬೇಕಿತ್ತು, ಆ ದುಡ್ಡು ಉಪಯೋಗಕ್ಕೆ ಬರ್ತಿತ್ತು. ಆಮೇಲೆ ಆ್ಯಪ್‌ನಿಂದ ಫೋಟೋ ತೆಗೆದು ಹಾಕಿ, ಕಟ್ಟನ್ನು ಹೊಸ ಕೆಂಪು ಬಟ್ಟೆಯಲ್ಲಿ ಸುತ್ತಿದರು. ಆಯಿ ಕೇಳಿದಳು, "ಮತ್ತ ಜಗಲಿ ಮ್ಯಾಲ ಇಡ್ಲೇನು?" ಜಗಲಿ ಪಕ್ಕದ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತೆ. ಸದ್ಯಕ್ಕೆ ಒಣ ಕಪಾಟಿನ ಮೇಲಿನ ಖಾನೆಯಲ್ಲಿದೆ.

ನಿಮ್ಮ ಮನೆಯಲ್ಲಿ ಇಂಥದ್ದು ಇದ್ದರೆ ಮುಂದಿನ ಸಲ ಊರಿಗೆ ಹೋದಾಗ ಫೋಟೋ ತೆಗೆದುಕೊಂಡು ಬನ್ನಿ. ಕ್ಲಬ್ಬಿನಲ್ಲಿ ಒಂದು ಶೀಟ್ ಶುರು ಮಾಡೋಣ, ಐದು ಪ್ರಶ್ನೆಗೆ ಐದು ಕಾಲಂ. ಐದನೇ ಕಾಲಂ ಮೊದಲು ತುಂಬಿ. ಅದಕ್ಕೆ ಉತ್ತರ ಗೊತ್ತಿರೋರು ನಮಗಾಗಿ ಬಹಳ ವರ್ಷ ಕಾಯಲ್ಲ.