ಗಲ್ಲಾ ಬೇರೆ, ಮನೆಯ ಡಬ್ಬಿ ಬೇರೆ

ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಮಾಲೀಕರೊಬ್ಬರನ್ನು 'ತಿಂಗಳಿಗೆ ನಿಮ್ಮ ಸಂಬಳ ಎಷ್ಟು ಸ್ವಾಮಿ?' ಎಂದು ಕೇಳಿ ನೋಡಿ. ಬಹುಶಃ ನಕ್ಕುಬಿಡುತ್ತಾರೆ. ಟರ್ನರ್‌ಗೆ ಎಷ್ಟು, ಹೆಲ್ಪರ್‌ಗೆ ಎಷ್ಟು, ಕರೆಂಟ್ ಬಿಲ್ ಎಷ್ಟು ಎಂಬುದೆಲ್ಲ ಅವರಿಗೆ ಬಾಯಿಪಾಠ. ತಮ್ಮದು ಮಾತ್ರ ಗೊತ್ತಿಲ್ಲ. 'ಬೇಕಾದಾಗ ತಗೋತೀನಿ, ಎಲ್ಲಾ ನಂದೇ ಅಲ್ವಾ' ಎಂಬುದು ಉತ್ತರ.

ಸಣ್ಣ ಉದ್ಯಮಿಯ ಅರ್ಧ ತಾಪತ್ರಯ ಈ 'ನಂದೇ ಅಲ್ವಾ' ಎಂಬ ಮಾತಿನಲ್ಲೇ ಅಡಗಿದೆ. ಮಗಳ ಕಾಲೇಜು ಫೀಸು ಗಲ್ಲಾಪೆಟ್ಟಿಗೆಯಿಂದ ಹೋಗುತ್ತದೆ. ಕಬ್ಬಿಣದ ಸರಳು ತರಲು ಹೆಂಡತಿಯ ಬಳೆ ಅಡವಿಗೆ ಹೋಗುತ್ತದೆ. ಹೀಗೆ ಬೆರೆತುಹೋದ ದುಡ್ಡಿನಲ್ಲಿ ಉದ್ಯಮ ಮನೆಯನ್ನು ಸಾಕುತ್ತಿದೆಯೋ, ಮನೆ ಉದ್ಯಮವನ್ನು ಸಾಕುತ್ತಿದೆಯೋ ಎಂಬುದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಕಾನೂನು ಕೂಡ ಇಲ್ಲಿ ಮಾಲೀಕನ ನೆರವಿಗೆ ಬರುವುದಿಲ್ಲ. ಪ್ರೊಪ್ರೈಟರಿ ಸಂಸ್ಥೆಯೆಂದರೆ ಕಾನೂನಿನ ಕಣ್ಣಿನಲ್ಲಿ ಮಾಲೀಕನೇ. ಅಂಗಡಿಯ ಸಾಲ ಮನೆಯ ಬಾಗಿಲಿಗೂ ಬರುತ್ತದೆ. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡರೆ ಅಥವಾ 2008ರ ಕಾಯ್ದೆಯಡಿ ಸೀಮಿತ ಹೊಣೆಯ ಪಾಲುದಾರಿಕೆ ಸ್ಥಾಪಿಸಿದರೆ ನಡುವೆ ಗೋಡೆ ಏಳುತ್ತದೆ, ನಿಜ. ಆದರೆ ಸಾಲ ಕೊಡುವ ಬ್ಯಾಂಕು ಸಾಮಾನ್ಯವಾಗಿ ವೈಯಕ್ತಿಕ ಜಾಮೀನು ಕೇಳುತ್ತದೆ. ಸಹಿ ಬಿದ್ದೊಡನೆ ಆ ಗೋಡೆಗೆ ಬಾಗಿಲು ಕೊರೆದಂತೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಮೊದಲು ಸಾಲಗಾರನಿಂದ ವಸೂಲಿ ಮಾಡಿ, ಆಮೇಲೆ ನನ್ನ ಬಳಿ ಬನ್ನಿ ಎನ್ನುವಂತಿಲ್ಲ. ಒಟ್ಟು ಸಾಲ ಎಷ್ಟೆಂದು ತಿಳಿಯದೆಯೇ ತೋರಿಸಿದಲ್ಲಿ ಸಹಿ ಹಾಕುವ ಹೆಂಡಂದಿರಿಗೆ ಈ ಕಲಮು ಗೊತ್ತಿರಬೇಕಾದದ್ದು ಅಗತ್ಯ.

ವ್ಯಾಪಾರ ಚೆನ್ನಾಗಿದ್ದಾಗಲೂ ಸಾಲ ಹೇಗೆ ಹುಟ್ಟುತ್ತದೆ? ಒಂದು ಲೆಕ್ಕ ಹಾಕೋಣ. ಮಾರ್ಚ್ 10ರಂದು ದೊಡ್ಡ ಕಂಪನಿಯೊಂದಕ್ಕೆ 10 ಲಕ್ಷ ರೂಪಾಯಿಯ ಬಿಡಿಭಾಗ ಕಳಿಸಿ ಬಿಲ್ ಹಾಕಿದಿರಿ ಎನ್ನಿ. ಶೇ 18ರಂತೆ ಜಿಎಸ್‌ಟಿ 1.80 ಲಕ್ಷ. ತಿಂಗಳ ರಿಟರ್ನ್ ಸಲ್ಲಿಸುವವರು ಅದನ್ನು ಏಪ್ರಿಲ್ 20ರೊಳಗೆ ಕಟ್ಟಬೇಕು. ಕಚ್ಚಾ ಸಾಮಗ್ರಿಗೆ ತೆತ್ತ ತೆರಿಗೆಯನ್ನು ಕಳೆದುಕೊಂಡರೂ ಉಳಿದದ್ದು ಜೇಬಿನಿಂದಲೇ ಹೋಗಬೇಕು. ಕಂಪನಿ ದುಡ್ಡು ಕೊಡುವುದು ಜೂನ್‌ನಲ್ಲಿ. ನಡುವೆ ಎರಡು ತಿಂಗಳ ಸಂಬಳ, ಬಾಡಿಗೆ. ಬಿಲ್ಲಿನಲ್ಲಿ ಲಾಭವಿದೆ, ಕೈಯಲ್ಲಿ ಕಾಸಿಲ್ಲ! ಈ ಕಂದಕವನ್ನು ತುಂಬಲು ಬರುವುದೇ ಕೈಸಾಲ, ಚೀಟಿ ದುಡ್ಡು, ಕೊನೆಗೆ ಮೀಟರ್ ಬಡ್ಡಿ.

2006ರ ಎಂಎಸ್‌ಎಂಇ ಕಾಯ್ದೆ ಇದಕ್ಕೊಂದು ಮದ್ದು ಹೇಳಿದೆ. ನೋಂದಾಯಿತ ಅತಿಸಣ್ಣ, ಸಣ್ಣ ಉದ್ಯಮಕ್ಕೆ ಖರೀದಿದಾರ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 'ದೂರು ಕೊಟ್ಟರೆ ಮುಂದಿನ ಆರ್ಡರ್ ಯಾರು ಕೊಡ್ತಾರೆ?' ಎಂಬ ಅಂಜಿಕೆಯಲ್ಲಿ ಅರ್ಥವಿದೆ. ಆದರೆ ಆದಾಯ ತೆರಿಗೆಗೆ 2023ರಲ್ಲಿ ಬಂದ ತಿದ್ದುಪಡಿ ಖರೀದಿದಾರನ ಜೇಬಿಗೇ ಕೈ ಹಾಕಿದೆ. ಗಡುವಿನೊಳಗೆ ಕೊಡದ ಬಾಕಿಯನ್ನು ಅವನು ಹಣ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಬಿಲ್ಲಿನ ಮೇಲೆ ಉದ್ಯಮ್ ನೋಂದಣಿ ಸಂಖ್ಯೆ ಅಚ್ಚು ಹಾಕಿಸಿದರೆ, ಜಗಳವಿಲ್ಲದೆ ನೆನಪಿಸಿದಂತಾಯಿತು.

ಇನ್ನು ಮೈ ಮನಸ್ಸಿನ ಮಾತು. ಕಾರ್ಖಾನೆಯ ಕೆಲಸಗಾರನಿಗೆ ಕಾನೂನು ವಾರಕ್ಕೊಂದು ರಜೆ ಕೊಟ್ಟಿದೆ. ಘಟಕ ಒಂದು ಗಾತ್ರ ಮೀರಿದರೆ ಇಎಸ್‌ಐ, ಭವಿಷ್ಯನಿಧಿ ಉಂಟು. ಪ್ರೊಪ್ರೈಟರ್ ಮಾಲೀಕನಿಗೆ ಇದ್ಯಾವುದೂ ಇಲ್ಲ. ಭಾನುವಾರ ರಿಪೇರಿ, ಹಬ್ಬದ ದಿನ ವಸೂಲಿ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಸೂರು ನೋಡುತ್ತಾ ಮಲಗುವುದು, ಊಟದ ತಟ್ಟೆಯ ಮುಂದೆ ಮಕ್ಕಳ ಮೇಲೆ ರೇಗುವುದು: ಇವನ್ನು ಬಿ.ಪಿ. ಎಂದುಕೊಂಡು ಮಾತ್ರೆ ನುಂಗುವವರಿದ್ದಾರೆ. ಅನೇಕ ಸಲ ಕಾಯಿಲೆಯ ಬೇರು, ಮನೆಯವರಿಗೆ ಹೇಳದೆ ಮುಚ್ಚಿಟ್ಟ ಸಾಲದಲ್ಲಿರುತ್ತದೆ. ಮರ್ಯಾದೆಯ ಪ್ರಶ್ನೆಯೆಂದು ಅದನ್ನು ಒಬ್ಬರೇ ಹೊರುವುದು ನನ್ನ ಮಟ್ಟಿಗೆ ಬಹಳ ದುಬಾರಿ ಮರ್ಯಾದೆ. ಹೆಂಡತಿಯೊಡನೆ ಕುಳಿತು ಯಾರಿಗೆಷ್ಟು ಕೊಡಬೇಕೆಂದು ಒಂದು ಹಾಳೆಯ ಮೇಲೆ ಬರೆದರೆ ಸಾಲದ ಮೊತ್ತ ಇಳಿಯದು, ಆದರೆ ಹೊರೆ ಹೊರುವ ಹೆಗಲು ಎರಡಾಗುತ್ತವೆ. ಅದೂ ಆಗದೆ ಬದುಕೇ ಬೇಡವೆನಿಸಿದಾಗ 14416ಕ್ಕೆ ಫೋನ್ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದು. ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಗಲ್ಲಾಪೆಟ್ಟಿಗೆಯಿಂದ ಮನೆಗೆ ದುಡ್ಡು ಬೇರ್ಪಡಿಸುವ ಉಪಾಯವನ್ನು ಕರಾವಳಿಯವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಬಾಗಿಲಿಗೇ ಬಂದು ಒಯ್ಯುತ್ತಿದ್ದ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿಯ ಜಾಣತನಕ್ಕೆ ಮಾತ್ರ ಮುಪ್ಪಿಲ್ಲ. ದುಡ್ಡು ಖರ್ಚಾಗಿ ಉಳಿದದ್ದನ್ನು ಕೂಡಿಡುವ ಬದಲು, ಖರ್ಚಿಗೆ ಮುಂಚೆಯೇ ಅದು ಗಲ್ಲಾ ಬಿಟ್ಟು ಹೊರಡುತ್ತಿತ್ತು.

ಮಾಲೀಕನ ಸಂಬಳವೂ ಹಾಗೆಯೇ ಹೊರಡಬೇಕು. ವ್ಯಾಪಾರ ಕಡಿಮೆಯಾದ ತಿಂಗಳನ್ನೇ ಅಳತೆಯಾಗಿಟ್ಟುಕೊಂಡು ಒಂದು ಮೊತ್ತ ಗೊತ್ತುಮಾಡಿ, ಪ್ರತಿ 1ನೇ ತಾರೀಖು ಮನೆಯ ಖಾತೆಗೆ ಹಾಕಿಬಿಡಿ. ಹೆಚ್ಚು ಬಂದ ತಿಂಗಳೂ ಅಷ್ಟೇ. ಜಿಎಸ್‌ಟಿ ಬಾಬ್ತು ಬಂದದ್ದು ನಿಮ್ಮ ದುಡ್ಡಲ್ಲವಾದ್ದರಿಂದ ಅದಕ್ಕೆ ಪ್ರತ್ಯೇಕ ಖಾತೆ ಇರಲಿ. ಮೂರು ತಿಂಗಳ ಬಾಡಿಗೆ, ಸಂಬಳದಷ್ಟು ಹಣ ಕೂಡುವವರೆಗೆ ಹೊಸ ಮಷೀನಿನ ಆಸೆಯನ್ನು ಮುಂದೂಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಮನೆಯವರ ಪಾಲಿಗೆ ಇನ್ನೆರಡು ಗೋಡೆಗಳನ್ನು ಸರ್ಕಾರವೇ ಕಟ್ಟಿಕೊಟ್ಟಿದೆ. ಪಿಪಿಎಫ್ ಖಾತೆಯ ಹಣವನ್ನು ಸಾಲದ ಡಿಕ್ರಿಗಾಗಿ ಕೋರ್ಟು ಜಪ್ತಿ ಮಾಡುವಂತಿಲ್ಲ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೇ ಕಲಮಿನಡಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದ ಜೀವವಿಮೆಯ ಹಣ, ಸಾಲಗಾರರಿಗೆ ಮೋಸ ಮಾಡಲೆಂದೇ ಮಾಡಿಸಿದ್ದಲ್ಲದಿದ್ದರೆ, ಅವರಿಗೇ ಸೇರುತ್ತದೆ. ಪಾಲಿಸಿ ಕೊಳ್ಳುವಾಗಲೇ ಇದಕ್ಕೊಂದು ಪ್ರತ್ಯೇಕ ಫಾರಂ ತುಂಬಬೇಕು. ಏಜೆಂಟ್ ತಾನಾಗಿ ಹೇಳದಿದ್ದರೆ ನೀವೇ ಕೇಳಿ.